ಇಬ್ಬರೇ ಹಾರಿಸಿದ ಸಾಲು

ಮೈದಾನದಲ್ಲಿದ್ದವರೆಲ್ಲ ಹಾಡುತ್ತಿದ್ದಾಗ ನಾನು ಒಂದು ಸಾಲು ಹಾರಿಸಿ ಮುಂದಿನದಕ್ಕೆ ಹೋಗಿಬಿಟ್ಟೆ. ಹಳೆಯ ಜನಪದ ರಾಕ್ ತಂಡವೊಂದು ಎಷ್ಟೋ ವರ್ಷಗಳ ಮೇಲೆ ಮತ್ತೆ ಒಂದಾಗಿ ಪುತ್ತೂರಿಗೆ ಬಂದಿತ್ತು. ನಾಚಿ ಬಾಯಿ ಮುಚ್ಚಿಕೊಂಡು ನೋಡಿದರೆ, ಪಕ್ಕದ ಕುರ್ಚಿಯ ಬ್ಯಾರಿ ಹಿರಿಯರೂ ಅದೇ ಸಾಲು ಹಾರಿಸಿ ಪೆಚ್ಚಾಗಿದ್ದರು.

"ಎಂತ ಅಕ್ಕ, ನಿಮ್ಮದೂ ಇಲ್ಲೇ ದರ್ಬೆಯ ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟಾ?" ಎಂದರು.

"ಹೌದು ಮಾರಾಯ್ರೆ!"

ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದ ಆ ಅಂಗಡಿಯವರ ಮೂಲ ಟೇಪು ಒಮ್ಮೆ ತುಂಡಾಗಿ, ಅಂಟಿಸುವಾಗ ಆ ಸಾಲು ಹೋಗಿತ್ತು. ಈ ಹಿರಿಯರು ದುಬೈಯ ಕೋಣೆಯಲ್ಲಿ ಹಾಗೆಯೇ ಹಾಡಿಕೊಂಡಿದ್ದರಂತೆ, ನಾನು ಕೊಲ್ಲಮೊಗ್ರಿನ ಅಡುಗೆಮನೆಯಲ್ಲಿ.

ಪೂರ್ತಿ ಹಾಡು ಈಗ ಗೊತ್ತು. ಆದರೂ ಒಬ್ಬಳೇ ಗುನುಗುವಾಗ ಆ ಸಾಲನ್ನು ಹಾರಿಸಿಯೇ ಹಾಡುತ್ತೇನೆ. ಆ ತಪ್ಪಿಗೆ ಈಗ ಒಬ್ಬರು ಜೊತೆಗಿದ್ದಾರೆ.