ನೊರೆ ಇಲ್ಲದ ಜಾಗ

ಉಯ್ಯಂಬಳ್ಳಿಯ ರಾಧಾಮಣಿಗೆ ನೀರೆಂದರೆ ತವರುಮನೆ ಇದ್ದಂತೆ. ಅಪ್ಪ ಸಿದ್ದಯ್ಯ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದವನು. ಮಗಳು ನಡೆಯುವುದಕ್ಕೆ ಮೊದಲೇ ಈಜು ಕಲಿತಳೆಂದು ಊರಲ್ಲಿ ಈಗಲೂ ಹೇಳುತ್ತಾರೆ. ಹೊಳೆಯ ವಿಷಯಕ್ಕೆ ಬಂದರೆ ಅವಳ ಮುಂದೆ ಯಾರೂ ಬಾಯಿ ಬಿಡುವಂತಿಲ್ಲ. ಅದೇ ಜಂಬ ಅವಳನ್ನು ಸಮುದ್ರದಲ್ಲಿ ಮುಳುಗಿಸುವುದರಲ್ಲಿತ್ತು, ಪುಣ್ಯಾತ್ಗಿತ್ತಿ!

ಹಾರೋಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಅವಳ ಪಕ್ಕದ ಮಿಷನ್ನಿನವಳು ಕನಕಪುರದ ಕೆಹಕಶಾನ್. ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗಿ, ಗೂಡು ಬೇಯಿಸುವ ನೀರು ಬಿಟ್ಟರೆ ಬೇರೆ ನೀರಿಗೆ ಕೈ ಹಾಕಿದವಳಲ್ಲ. ಹೆಂಗಸರೆಲ್ಲ ಸೇರಿ ಟಿಟಿ ಗಾಡಿ ಮಾಡಿಕೊಂಡು ಸಮುದ್ರ ನೋಡಲು ಹೊರಟಾಗ ಅವಳ ತಾಯಿ ಗುಲ್ಜಾರ್ ಬೀ ಸುತರಾಂ ಒಪ್ಪಲಿಲ್ಲ. ಕೊನೆಗೆ ಮಗಳ ಕೈಯನ್ನು ರಾಧಾಮಣಿಯ ಕೈಯಲ್ಲಿಟ್ಟಳು.

"ನಿನ್ ಕೈಗೆ ಕೊಟ್ಟಿವ್ನಿ ರಾಧಮ್ಮ. ಹಿಡ್ಕಂಡ ಕೈ ಬುಡ್ಬ್ಯಾಡ."

ತೀರದಲ್ಲಿ ಹಲಗೆಯ ಮೇಲೆ ನಿಂತು ಅಲೆ ಸವಾರಿ ಕಲಿಸುವ ಸರ್ಫಿಂಗ್ ಮಾಸ್ತರನೊಬ್ಬನಿದ್ದ. ಇಲ್ಲಿ ಅಲೆ ಒಡೆಯುವ ಜಾಗ ಮೂರು ಎಂದು ಬೆರಳು ಮಾಡಿ ತೋರಿಸಿದ. ಎಡಕ್ಕೆ ಬಂಡೆಯ ಹತ್ತಿರ ಅಲೆ ಎತ್ತರ, ಅದು ಪಳಗಿದವರಿಗೆ. ಬಲಕ್ಕೆ ಹೊಳೆ ಬಂದು ಸೇರುವಲ್ಲಿ ಇವತ್ತು ಗಾಳಿ ಅಡ್ಡ ಬೀಸುತ್ತಿದೆ, ಅಲೆಗೆ ಹದವಿಲ್ಲ. ನಡುವಿನ ಮರಳು ದಿಣ್ಣೆಯ ಮೇಲೆ ಸೊಂಟದಷ್ಟು ನೀರಲ್ಲಿ ನೊರೆ ಉರುಳಿ ಬರುತ್ತದೆ, ಹೊಸಬರಿಗೆ ಅದೇ ಸರಿ. ಅದು ಬಿಟ್ಟು ಎಲ್ಲೂ ಇಳಿಯಬೇಡಿ ಎಂದ.

ರಾಧಾಮಣಿಗೆ ನಗು ಬಂತು. ಕಾವೇರಿಯಲ್ಲಿ ನೊರೆ ಎದ್ದಿತೆಂದರೆ ಅಡಿಯಲ್ಲಿ ಬಂಡೆಯೆಂದೇ ಲೆಕ್ಕ. ಅವಳ ಊರಿನವರು ಮೀಯುವುದು ನೊರೆ ಇಲ್ಲದ ಕಡೆ. ಇಲ್ಲೂ ದಿಣ್ಣೆಗೂ ಬಂಡೆಗೂ ನಡುವೆ ಒಂದು ಪಟ್ಟಿ ನೀರು ಅಲೆಯೇ ಇಲ್ಲದೆ ತಣ್ಣಗೆ ಮಲಗಿತ್ತು. ಮಾಸ್ತರ ಬೇರೆಯವರಿಗೆ ಹಲಗೆ ಹಿಡಿಯುವುದನ್ನು ಹೇಳಿಕೊಡುತ್ತಿದ್ದಾಗ, ಗೆಳತಿಯ ಕೈ ಹಿಡಿದು ಅಲ್ಲಿಗೇ ಇಳಿದಳು.

ನಾಲ್ಕು ಹೆಜ್ಜೆಗೆ ಕಾಲಡಿಯ ನೆಲ ತಪ್ಪಿತು. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ವಾಪಸು ಹೋಗುವ ದಾರಿಯೇ ಅದು! ದಡ ದೂರವಾಗುತ್ತಲೇ ಇತ್ತು. ಗುಲ್ಜಾರ್ ಬೀಗೆ ಯಾವ ಮುಖ ತೋರಿಸಲಿ ಎಂದು ಜೀವ ಬಾಯಿಗೆ ಬಂತು. ದಡದ ಕಡೆಗೇ ಕಾಲು ಬಡಿದು ಬಡಿದು ಸೋತಾಗ, ಹುಟ್ಟು ಹಾಕುತ್ತ ಅಪ್ಪ ಬೈಯುತ್ತಿದ್ದದ್ದು ನೆನಪಾಯಿತು: "ಸೆಳವಿಗೆ ಎದುರು ಬೀಳ್ಬ್ಯಾಡ ಕಣವ್ವ, ಅಡ್ಡಕ್ಕೆ ಹೋಗು."

ಅಡ್ಡಕ್ಕೆ ಎಂದರೆ ಅದೇ ನೊರೆಯ ಕಡೆಗೆ. ಹೆದರಿಕೆಯಿಂದ ಮೈ ಹಿಂಜರಿಯಿತು. ಆದರೂ ಕೆಹಕಶಾನಳ ಮಣಿಕಟ್ಟು ಬಿಗಿಹಿಡಿದು ಒಂದೇ ಕೈಯಲ್ಲಿ ಈಜಿದಳು. ಬಂಡೆ ಸಿಗಲಿಲ್ಲ, ಮರಳು ಸಿಕ್ಕಿತು. ಹಿಂದಿನಿಂದ ಬಂದ ಅಲೆ ಇಬ್ಬರನ್ನೂ ದಡದತ್ತ ನೂಕಿತು. ಅಷ್ಟರಲ್ಲಿ ಹಲಗೆಯೊಡನೆ ಬಂದ ಮಾಸ್ತರ ಮಿಕ್ಕಷ್ಟು ದೂರ ಎಳೆದು ತಂದ.

ತಂದವನು ಮುಖಕ್ಕೆ ಮಂಗಳಾರತಿ ಎತ್ತಿದ. ರಾಧಾಮಣಿ ಗೆಳತಿಯ ಬೆನ್ನು ನೀವುತ್ತ ಕೂತಳು. ಬೈಸಿಕೊಳ್ಳುವುದಕ್ಕೆ ಎರಡು ಜೀವ ಉಳಿದಿವೆಯಲ್ಲ, ಅಷ್ಟೇ ಸಾಕಾಗಿತ್ತು. ಕೆಹಕಶಾನ್ ಕೆಮ್ಮಿದಾಗಲೆಲ್ಲ ರಾಧಾಮಣಿಗೆ ಹಾಯೆನಿಸುತ್ತಿತ್ತು.

ಕನಕಪುರಕ್ಕೆ ಬಂದಾಗ ಗುಲ್ಜಾರ್ ಬೀ ಬಾಗಿಲಲ್ಲೇ ಕಾದಿದ್ದಳು. ಮಗಳ ಮಣಿಕಟ್ಟಿನ ಮೇಲೆ ಐದು ಬೆರಳಿನ ಗುರುತು ನೀಲಿಗಟ್ಟಿದ್ದು ಕಂಡು ಇದೇನೆಂದು ಕೇಳಿದಳು. ರಾಧಾಮಣಿ ತಪ್ಪು ಹೇಳಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಕೆಹಕಶಾನಳೇ ಹೇಳಿಬಿಟ್ಟಳು.

"ಕೈ ಬುಡ್ಬ್ಯಾಡ ಅಂತ ನೀನೇ ಅಂದಿದ್ಯಲ್ಲ ಅಮ್ಮಿ. ಅಕ್ಕ ಬುಡ್ಲಿಲ್ಲ."

ಅಲ್ಲಿಯವರೆಗೆ ಬಾರದ ಅಳು ರಾಧಾಮಣಿಗೆ ಆಗ ಬಂತು. ಅಳುತ್ತಲೇ ಗುಲ್ಜಾರ್ ಬೀ ಕೊಟ್ಟ ಚಾ ಕುಡಿದಳು.