ಜ್ವರವಿಲ್ಲದ ಹುಡುಗಿಗೆ ಬಂದ ಚೀಟಿ

ಹಾವೇರಿಯ ಶಿಕ್ಷಕರ ತರಬೇತಿಗೆ ಹೋದಾಗಲೆಲ್ಲ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ವಿದೇಶಿ ಶಿಕ್ಷಕಿ ಬಂದು ಹೋದ ಶಾಲೆಯವರಲ್ಲವೇ, ಅವರಿಂದ ಏನು ಕಲಿತಿರಿ ಹೇಳಿ ಎನ್ನುತ್ತಾರೆ. ಮಕ್ಕಳನ್ನು ದುಂಡಗೆ ಕೂರಿಸುವುದು, ಹಾಡಿನಿಂದ ಪಾಠ ಶುರು ಮಾಡುವುದು ಎಂದೆಲ್ಲ ಒದರಿ ಕೂರುತ್ತೇನೆ. ಚಪ್ಪಾಳೆ ಬೀಳುತ್ತದೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬ್ಯಾಡಗಿಯ ನಮ್ಮ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಒಂದೇ ಕೋಣೆ, ನಾನೊಬ್ಬಳೇ ಶಿಕ್ಷಕಿ. ವಿನಿಮಯ ಕಾರ್ಯಕ್ರಮದಲ್ಲಿ ಫಿನ್ಲೆಂಡಿನ ಶಿಕ್ಷಕಿಯೊಬ್ಬರು ಬರುವ ಹಿಂದಿನ ದಿನ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತರು.

"ಅಕ್ಕೋರ, ನಾಳೆ ಶಾಣ್ಯಾ ಹುಡುಗರನ್ನಷ್ಟ ಕುಂದ್ರಿಸ್ರಿ. ಉಳಿದವಕ್ಕ ಸೂಟಿ ಅಂತ ಹೇಳಿಬಿಡ್ರಿ. ಸಾಲಿ ಮರ್ಯಾದಿ ಪ್ರಶ್ನೆ ಐತಿ."

ಅವರು ಹೇಳಿದ್ದಕ್ಕೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನನಗೂ ಅದೇ ಬೇಕಿತ್ತು. ಬೇಡದವರನ್ನು ಆರಿಸಿದವಳು ನಾನೇ. ಮೊದಲು ಆರಿಸಿದ್ದು ಮೂರನೇ ತರಗತಿಯ ಒಬ್ಬ ಹುಡುಗಿಯನ್ನು. ಅವಳ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಹುಡುಗಿಯ ಬಟ್ಟೆಗೂ ಅದೇ ಘಾಟು, ಪಕ್ಕದಲ್ಲಿ ಕೂತವರು ಸೀನುತ್ತಾರೆ. ಲೆಕ್ಕ ಕೇಳಿದರೆ ಬಾಯಿ ಬಿಡುವುದಿಲ್ಲ.

"ನಾಳೆ ನಿನಗ ಸೂಟಿ" ಅಂದೆ.

"ಎಲ್ಲಾರಿಗೂ ಏನ್ರಿ?" ಅಂದಳು. ನಾನು ಹಾಜರಿ ಪುಸ್ತಕ ನೋಡತೊಡಗಿದೆ.

ಮರುದಿನ ಬಂದ ಶಿಕ್ಷಕಿ ಕುರ್ಚಿ ಬಿಟ್ಟು ಒಂದನೇ ತರಗತಿಯ ಮಕ್ಕಳ ನಡುವೆ ನೆಲಕ್ಕೇ ಕೂತರು. ಅವರ ಊರಿನ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಮೂರು ತರಗತಿಗಳನ್ನು ಒಂದು ಮಾಡಿದ್ದಾರಂತೆ. ಒಬ್ಬರೇ ಹೇಗೆ ಸಂಭಾಳಿಸುತ್ತೀರಿ, ಅದನ್ನೇ ನೋಡಲು ಬಂದೆ ಎಂದರು. ಒಂದೇ ಕೋಣೆಯಲ್ಲಿ ಮೂರು ತರಗತಿ ಎಂದು ನಾವು ಯಾವುದಕ್ಕೆ ನಾಚಿಕೊಂಡಿದ್ದೆವೋ ಅದನ್ನು ಕಲಿಯಲು ಅವರು ಅಷ್ಟು ದೂರದಿಂದ ಬಂದಿದ್ದರು.

ಅವರ ಮುಂದೆ ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡುತ್ತಿದ್ದ ಪುಟ್ಟವನೊಬ್ಬ ಅರ್ಧಕ್ಕೇ ನಿಲ್ಲಿಸಿದ.

"ಅಕ್ಕ ಬಂದಿಲ್ರಿ. ಅಕ್ಕ ಇಲ್ಲಂದ್ರ ನಮಗ ಬರಂಗಿಲ್ರಿ."

ಅಕ್ಕ ಎಂದರೆ ನಾನು ಸೂಟಿ ಕೊಟ್ಟ ಹುಡುಗಿ. ದಿನಾ ಸಣ್ಣವರ ಕೈ ಹಿಡಿದು ಬೀಜ ಇಡಿಸಿ ಅಕ್ಷರ ಕಲಿಸುತ್ತಿದ್ದವಳು ಅವಳೇ. ನಾನು ಎರಡನೆಯವರ ಲೆಕ್ಕ, ಮೂರನೆಯವರ ಪಾಠ ಎಂದು ನಿಶ್ಚಿಂತೆಯಿಂದ ಓಡಾಡುತ್ತಿದ್ದುದು ಅವಳ ದೆಸೆಯಿಂದ. ಅದು ನನ್ನ ತಲೆಗೆ ಹೊಳೆದದ್ದು ಆ ಹೊತ್ತಿಗೆ. ಹುಡುಗ ಏನೆಂದ ಎಂದು ಶಿಕ್ಷಕಿ ಕೇಳಿದರು, ಹೇಳಿದೆ. ಅವರ ಮುಖ ಅರಳಿತು. ಆ ಹುಡುಗಿಯನ್ನೇ ನೋಡಬೇಕು, ಎಲ್ಲಿದ್ದಾಳೆ ಎಂದರು.

ನನ್ನ ಹರಕು ಇಂಗ್ಲಿಷಿನಲ್ಲಿ, ಅವಳಿಗೆ ಜ್ವರ ಎಂದೆ.

ಅವರು ಪೆಚ್ಚಾದರು. ಚೀಲದಿಂದ ಬಣ್ಣದ ಪೆನ್ಸಿಲುಗಳನ್ನು ತೆಗೆದು, ಒಂದು ಚೀಟಿ ಬರೆದು, ಅವಳಿಗೇ ಕೊಡಿ ಎಂದು ಎರಡು ಸಲ ಹೇಳಿ ಹೋದರು.

ಮಾರನೆಯ ಬೆಳಿಗ್ಗೆ ಹುಡುಗಿ ಬಾಗಿಲ ಹೊರಗೇ ನಿಂತಿದ್ದಳು. "ಅವರು ಹೋದ್ರೇನ್ರಿ ಅಕ್ಕೋರ? ಒಳಗ ಬರ್ಲೇನ್ರಿ?"

ಪೆನ್ಸಿಲು, ಚೀಟಿ ಎರಡನ್ನೂ ಕೈಗಿತ್ತೆ. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏನ್ ಬರದಾರ್ರಿ?"

"ಲಗೂ ಆರಾಮಾಗು ಅಂತ ಬರದಾರ."

ಹುಡುಗಿ ನನ್ನ ಮುಖವನ್ನೇ ನೋಡಿದಳು.

"ನನಗೇನಾಗಿತ್ರಿ ಅಕ್ಕೋರ?"