ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ ಚಾಚಾ

ಚಾಚಾ ಅವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ನೆನಪಿದೆ. ಬಿಳಿ ಅಂಗಿಯ ಎಡ ಹೆಗಲ ಮೇಲೆ ಕರಿ ದಾರದ ಹೊಲಿಗೆ, ಟೊಪ್ಪಿಗೆಯ ಕೆಳಗೆ ಮೆಹಂದಿ ಹಚ್ಚಿದ ಕೂದಲು. ಯಾರಾದರೂ ಪಾಸ್‌ವರ್ಡ್ ಒತ್ತಲು ಬೆರಳೆತ್ತಿದರೆ ಸಾಕು, ಅವರು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. "ಆತೇನ್ ಬೇಟಾ?" ಎಂದು ಕೇಳಿ, "ಆತ್ರೀ" ಅಂದ ಮೇಲೆಯೇ ಈ ಕಡೆ ಮುಖ.

ಮರಾಠಿ ಸೀಮೆಯ ಗಡಿಯೂರು ಜತ್ತಿನಲ್ಲಿ, ನಾನು ಬೆಳೆದ ಸೋದರಮಾವನ ಮನೆಯ ಎದುರಿಗೆ ಅವರ ಮನೆ. ಟೆಲಿಗ್ರಾಂ ಕಳಿಸುವ ತಾರ್ ಆಫೀಸಿನಿಂದ ನಿವೃತ್ತರಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಸಾಂಗ್ಲಿಯಿಂದ ಮೂರು ಹಳೆಯ ಕಂಪ್ಯೂಟರ್ ತಂದಿದ್ದರು. ಅವುಗಳಲ್ಲಿ ಒಂದು, ಒಳಕೋಣೆಯಲ್ಲಿ ಮೊದಲು ಜೋಳದ ಚೀಲ ಇಡುತ್ತಿದ್ದ ಮೂಲೆಯಲ್ಲಿ, ಲಾರಿ ಬ್ಯಾಟರಿಯ ಬಲದ ಮೇಲೆ ಸದಾ ಗುಂಯ್‌ಗುಡುತ್ತಿತ್ತು. ಅದು ಸರ್ವರ್. ಪಡಸಾಲೆಯ ಇನ್ನೆರಡರಿಂದ ತಂತಿ ಅಲ್ಲಿಗೆ ಹೋಗಿತ್ತು. ಅರ್ಜಿ, ಪತ್ರ ಟೈಪು ಮಾಡಲು ಬಂದವರಿಗೆಲ್ಲ ಅದರೊಳಗೆ ಒಂದೊಂದು ಖಾನೆ, ಖಾನೆಗೊಂದು ಪಾಸ್‌ವರ್ಡ್. ಅದು ಬರೆದವರಿಗೆ ಬಿಟ್ಟರೆ ಚಾಚಾಗೂ ತಿಳಿಯುತ್ತಿರಲಿಲ್ಲ. "ಹೆಸರು, ಹುಟ್ಟಿದ ದಿನ ಇಡಬ್ಯಾಡ್ರಿ. ನಿಮಗಷ್ಟ ಗೊತ್ತಿದ್ದ ನಾಕು ಮಾತು ಕೂಡಸ್ರಿ" ಎನ್ನುತ್ತಿದ್ದರು. ಓದು ಬಾರದ ಕುರಿಗಾರ ಮುದುಕಿಯೊಬ್ಬಳಿಗೆ ತನ್ನ ಅಂಕಿಗಳನ್ನು ತಾನೇ ಒತ್ತಲು ಕಲಿಸುತ್ತ ಇಡೀ ಮಧ್ಯಾಹ್ನ ಕಳೆದಿದ್ದರು.

ಪ್ರತಿ ತಿಂಗಳು ಹೊಸ ಚಂದ್ರ ಕಂಡ ದಿನ ತಮ್ಮ ಪಾಸ್‌ವರ್ಡ್ ಬದಲಿಸುತ್ತಿದ್ದರು. ಊಟಕ್ಕೆ ಕುಳಿತಾಗಲೂ ಹೊಸದನ್ನು ತುಟಿಯೊಳಗೇ ಬಾಯಿಪಾಠ. "ಇವತ್ತ ಪಲ್ಯಾಕ ಉಪ್ಪಿಲ್ಲಂದ್ರೂ ಇವ್ರಿಗೆ ತಿಳಿಯಂಗಿಲ್ಲ" ಎಂದು ಚಾಚಿ ನಗುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ, ಎಲ್ಲದರ ನಕಲು ಇದ್ದ ಸಿಡಿ ಹಿಡಿದು, ಸೊರಡಿ ಊರಿನಲ್ಲಿದ್ದ ತಂಗಿಯ ಮನೆಗೆ ಬಸ್ಸು ಹತ್ತುತ್ತಿದ್ದರು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಾದರೂ ಉಳಿಯಲಿ ಎಂದು.

"ಇಷ್ಟೆಲ್ಲ ಯಾಕ್ರಿ ಚಾಚಾ?" ಎಂದು ಒಮ್ಮೆ ಕೇಳಿದೆ.

"ಅಸಂಗಿ ಊರಿನ ಹೆಣ್ಮಗಳಿಗೆ ಒಂದ್ ತಾರ್ ಬಂದಿತ್ತು. ಗಂಡ ತೀರಿಕೊಂಡಿದ್ದ. ನಾ ಚಾ ಅಂಗಡ್ಯಾಗ ಬಾಯಿ ಬಿಟ್ಟೆ. ತಾರ್ ಮನಿ ಮುಟ್ಟೂದ್ರೊಳಗ, ನೀರಿಗೆ ಹೋದಲ್ಲಿ ಮಂದಿ ಆಕಿಗೆ ಹೇಳಿಬಿಟ್ಟಿದ್ರು."

ನಾನು ಹನ್ನೆರಡನೆಯ ತರಗತಿ ಮುಗಿಸಿದ ವರ್ಷ ಮಾಮಾ ನನಗೆ ಗಂಡು ಗೊತ್ತು ಮಾಡಿದ್ದ. ನಾನು ಯಾರಿಗೂ ಹೇಳದೆ ನರ್ಸಿಂಗ್ ಕೋರ್ಸಿಗೆ ಅರ್ಜಿ ಟೈಪು ಮಾಡುತ್ತಿದ್ದೆ. ಯಾರೋ ಮಾಮಾನ ಕಿವಿಗೆ ಹಾಕಿದರು. ಒಂದು ಬೆಳಿಗ್ಗೆ ನನ್ನ ಹಿಂದೆಯೇ ಚಾಚಾ ಮನೆಗೆ ನುಗ್ಗಿದ.

"ನಮ್ಮ ಹುಡುಗಿ ಏನ್ ಬರದಾಳ, ತಗದ ತೋರಸ್ರಿ."

"ಬರ್ರಿ, ಕುಂದ್ರಿ. ಅದರ ಪಾಸ್‌ವರ್ಡ್ ನನಗೂ ಗೊತ್ತಿಲ್ರಿ."

"ಮಷೀನ್ ನಿಮ್ದು, ಮನಿ ನಿಮ್ದು. ಗೊತ್ತಿಲ್ಲಂದ್ರ ಹ್ಯಾಂಗ? ಒಡದ ಹಾಕ್ತೀನಿ ನೋಡ್ರಿ!"

"ಒಡೀರಿ. ಒಡದ್ರೂ ಓದಾಕ ಬರೂದಿಲ್ಲ. ಬರದಾಕಿ ಆಕಿ. ಮನಸಿದ್ರ ತಗೀತಾಳ, ಇಲ್ಲಂದ್ರ ಇಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ಅಲ್ಲಿಯವರೆಗೆ ಯಾವುದನ್ನೂ ಯಾರೂ ನನ್ನ ಮನಸ್ಸಿಗೆ ಬಿಟ್ಟಿರಲಿಲ್ಲ. ಬೇಡ ಅನ್ನಬಹುದು ಎಂದು ಗೊತ್ತಾದ ಮೇಲೇ ನನಗೆ ಹೇಳುವ ಧೈರ್ಯ ಬಂತು. "ತಗೀತೀನಿ" ಎಂದು ಕುಳಿತೆ. ಚಾಚಾ ಗೋಡೆಯ ಕಡೆ ತಿರುಗಿದರು. ಮಾಮಾ ಕೀಲಿಮಣೆಯನ್ನೇ ದಿಟ್ಟಿಸುತ್ತಿದ್ದ.

"ನೀವೂ ಈ ಕಡೆ ತಿರಗ್ರಿ" ಎಂದರು ಚಾಚಾ.

ಏನನ್ನಿಸಿತೋ, ಮಾಮಾ ರುಮಾಲು ಸರಿಪಡಿಸಿಕೊಂಡು ತಿರುಗಿದ.

ಅರ್ಜಿ ಮರಾಠಿಯಲ್ಲಿತ್ತು. ನರ್ಸ್ ಯಾಕೆ ಆಗಬೇಕು ಎಂಬ ಪ್ರಶ್ನೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ದರಿಬಡಚಿ ಹಳ್ಳಿಯಲ್ಲಿ ಹೆರಿಗೆಯಾದ ಅವ್ವನಿಗೆ ರಕ್ತ ನಿಲ್ಲಲಿಲ್ಲ. ಏನು ಮಾಡಬೇಕೆಂದು ಬಲ್ಲವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವಳ ಅಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ರಸ್ತೆಯ ಕಡೆ ಓಡಿದ. ರಸ್ತೆ ಮುಟ್ಟುವುದರೊಳಗೆ ಅವ್ವ ಹೋಗಿದ್ದಳು.

ಮಾಮಾ ಈ ಕಡೆ ತಿರುಗಲಿಲ್ಲ. "ಅದನ್ನ ನೀ ನೋಡಿದ್ದೇನು?" ಎಂದ.

"ನೋಡೀನಿ, ಮಾಮಾ. ನಿನ್ನ ಹಿಂದಽ ಓಡಿ ಬಂದಿದ್ದೆ."

"ಪಾಲಕರ ಸಹಿ ಎಲ್ಲಿ ಮಾಡಬೇಕು?" ಎಂದು ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡ.

ನಾನು ನೌಕರಿಗೆ ಸೇರಿದ ಕೆಲವು ವರ್ಷಗಳಲ್ಲಿ ಚಾಚಾ ಹಾಸಿಗೆ ಹಿಡಿದರು. ಊರೂರಿಗೆ ಹೇಳಿಕಳಿಸಿ, ಖಾನೆಗಳನ್ನು ಬರೆದವರಿಂದಲೇ ತೆಗೆಸಿ, ಅವರವರ ಕಾಗದ ಅವರವರ ಕೈಗೆ ಒಪ್ಪಿಸಿದರು. ತೀರಿಕೊಂಡ ಮೇಲೆ ಅವರದೊಂದೇ ಖಾನೆ ಉಳಿದಿತ್ತು. ತಿಳಿದವರನ್ನು ಕರೆಸಿ ತೆಗೆಸೋಣ ಎಂದು ನೆಂಟರು ಅಂದರು. "ಬ್ಯಾಡ್ರಿ. ಅವ್ರದು ಅವ್ರ ಜೋಡಿ ಹೋಗ್ಲಿ" ಎಂದರು ಚಾಚಿ.

ಮೊನ್ನೆ ನಮ್ಮ ಆರೋಗ್ಯ ಕೇಂದ್ರಕ್ಕೆ ಎಳೆಯ ಸೊಸೆಯೊಬ್ಬಳು ತಪಾಸಣೆಗೆ ಬಂದಿದ್ದಳು. ಅತ್ತೆ ಬಾಗಿಲಲ್ಲೇ ನನ್ನನ್ನು ತಡೆದಳು. "ರಿಪೋರ್ಟಿನ್ಯಾಗ ಏನ್ ಬಂತ್ರಿ ಸಿಸ್ಟರ್?"

ನಾನು ಕಾಗದವನ್ನು ಮಡಚಿ ಹುಡುಗಿಯ ಕೈಗೆ ಕೊಟ್ಟೆ. "ಆಕೀನ್ನ ಕೇಳ್ರಿ, ಆಯಿ. ಹೇಳಬೇಕನಿಸಿದ್ರ ಹೇಳ್ತಾಳ."

ಬಂದಾಗಿನಿಂದ ನೆಲ ನೋಡುತ್ತಿದ್ದ ಆ ಹುಡುಗಿ, ಕಾಗದವನ್ನು ಗಟ್ಟಿಯಾಗಿ ಹಿಡಿದುಕೊಂಡು ತಲೆ ಎತ್ತಿದಳು.